ನೀನೊಬ್ಬಳೇ ನೋಡಿದ್ದು

ಫೆಬ್ರವರಿ 3

ಚೂಟಿ,

ನನ್ನ ಫೋನ್ ಎತ್ತುವುದಿಲ್ಲ ಎಂದು ನೀನು ತೀರ್ಮಾನ ಮಾಡಿ ಮೂರು ವರ್ಷವಾಯಿತು. ಕಾಗದವನ್ನೂ ಒಡೆಯುವುದಿಲ್ಲ ಎಂದು ತೀರ್ಮಾನ ಮಾಡಿದ್ದೀಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇದು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಔಷಧಿ ಅಂಗಡಿಯವನನ್ನು ಬಿಟ್ಟರೆ ಈ ಕಾಗೆ ಕಾಲನ್ನು ಓದಬಲ್ಲವಳು ನೀನೇ.

ಒಂದು ಕೆಲಸ ಇದೆ. ಆಸ್ಪತ್ರೆಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಸೆಕೆಯಲ್ಲೂ ಟೈ ಬಿಚ್ಚದ ಮನುಷ್ಯ. ಪ್ರತಿ ಡಾಕ್ಟರರ ಫೋಟೋ, ಕೆಳಗೆ ಅರ್ಧ ಪುಟದ ಪರಿಚಯ, ಎಲ್ಲವನ್ನೂ ಮುಂದಿನ ಹಾಲಿನಲ್ಲಿ ತೂಗು ಹಾಕುತ್ತಾರಂತೆ. ಎರಡು ತಲೆಬರಹ ಕೊಟ್ಟಿದ್ದಾರೆ. ಒಂದು "ಹಿನ್ನೆಲೆ", ಇನ್ನೊಂದು "ರೋಗಿಗಳೊಂದಿಗೆ ನನ್ನ ರೀತಿ". ಮೊದಲನೆಯದು ಹತ್ತು ನಿಮಿಷದಲ್ಲಿ ಮುಗಿಯಿತು: ಇಂಥ ಪದವಿ, ಹೆರಿಗೆ ಮತ್ತು ಸ್ತ್ರೀರೋಗ, ಇಪ್ಪತ್ತಾರು ವರ್ಷದ ಅನುಭವ. ಎರಡನೆಯದಕ್ಕೆ ನಾಲ್ಕು ದಿನದಿಂದ ಪೆನ್ನು ಕಚ್ಚುತ್ತಾ ಕೂತಿದ್ದೇನೆ. ನಮ್ಮ ಮಕ್ಕಳ ಡಾಕ್ಟರು "ಮಕ್ಕಳೆಂದರೆ ನನಗೆ ಪ್ರಾಣ" ಎಂದು ಬರೆದುಕೊಟ್ಟರು. ಅವರು ವಾರ್ಡಿನಲ್ಲಿ ಕಿರುಚುವುದನ್ನು ಕೇಳಿದ ನರ್ಸುಗಳೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನೀನು ಭಾಷೆಯ ಟೀಚರು. ನಾನು ಮೆಡಿಕಲ್ ಓದುವಾಗ ಅಪ್ಪನಿಗೆ ಬರೆದ ಕಾಗದಗಳಲ್ಲಿ ತಪ್ಪು ಹುಡುಕಿ, ಸುತ್ತು ಹಾಕಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ವಾಪಸ್ ಕಳಿಸಿದವಳು. ಆಗ ನಿನಗೆ ಒಂಬತ್ತು ವರ್ಷ. ಅದಕ್ಕೆ ಇದನ್ನೂ ತಿದ್ದಿಕೊಡು. ಇಷ್ಟು ಬರೆದಿದ್ದೇನೆ:

"ಸಾವಿರಾರು ಹೆರಿಗೆಗಳನ್ನು ಮಾಡಿಸಿರುವ ಈ ಅನುಭವಿ ವೈಧ್ಯೆ ಪ್ರತಿಯೊಬ್ಬ ತಾಯಿಯ ಮಾತನ್ನೂ ತಾಳ್ಮೆಯಿಂದ ಕೇಳುತ್ತಾರೆ. ಬಂದವರನ್ನೆಲ್ಲ ತಮ್ಮ ಸ್ವಂತ ತಂಗಿಯಂತೆ ನೋಡಿಕೊಳ್ಳುತ್ತಾರೆ."

ನಿಜ ಹೇಳಿಬಿಡುತ್ತೇನೆ. ಇದೆಲ್ಲ ನೆಪ. ಗೋಡೆಯ ಮೇಲೆ ಏನು ತೂಗು ಹಾಕಿದರೂ ನನಗೆ ಒಂದೇ. ನೀನು ಮತ್ತೆ ನನ್ನ ಜೊತೆ ಮಾತಾಡಬೇಕು, ಅಷ್ಟೇ ಬೇಕಾಗಿರುವುದು.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕ,

ತಿದ್ದಿ ಕಳಿಸಿದ್ದೇನೆ. "ವೈಧ್ಯೆ" ಅಲ್ಲ, "ವೈದ್ಯೆ". ಬೇಡದ ಕಡೆ ಮಹಾಪ್ರಾಣ ಹಾಕುವುದು ನಿನ್ನ ಹಳೇ ಚಾಳಿ.

ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ಅದರಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ.

ತಂಗಿ


ಮಾರ್ಚ್ 1

ಚೂಟಿ,

ನಾಲ್ಕು ಸಾಲಿನ ಕಾಗದವನ್ನು ಎಷ್ಟು ಸಲ ಓದಬಹುದು? ನಾನು ಲೆಕ್ಕ ಬಿಟ್ಟೆ. ಕೋಟಿನ ಜೇಬಿನಲ್ಲಿಟ್ಟುಕೊಂಡೇ ರೋಗಿಗಳನ್ನು ನೋಡಿದೆ. ಮಧ್ಯೆ ಒಮ್ಮೆ ತೆಗೆದು ನೋಡುತ್ತಿದ್ದಾಗ ದೊಡ್ಡ ಸಿಸ್ಟರ್ ಕಣ್ಣಿಗೆ ಬಿದ್ದೆ. ನಮ್ಮ ಹೆರಿಗೆ ವಾರ್ಡಿನ ಹಿರಿಯ ನರ್ಸು, ನಿನಗೆ ನೆನಪಿರಬೇಕು.

"ಏನ್ ಡಾಕ್ಟ್ರೇ, ಲವ್ ಲೆಟರಾ?"

"ಹೂಂ. ಐವತ್ತು ದಾಟಿದ್ಮೇಲೆ ಬಂದಿದೆ, ಬೇಡ ಅನ್ನಕ್ಕಾಗತ್ತಾ?" ಅಂದೆ.

ಗೆರೆ ನೋಡಿದೆ. ಅರ್ಥವಾಯಿತು. ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಆ ದಿನದ ಮಾತನ್ನು ನೀನು ಎತ್ತುವವಳಲ್ಲ, ನಾನೇ ಎತ್ತಬೇಕು. ಮೂರು ವರ್ಷದಿಂದ ಎತ್ತದೇ ಇದ್ದದ್ದು ನನ್ನ ಹೇಡಿತನ.

ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಮಗು ಹುಟ್ಟಿತು. ಅಳಲಿಲ್ಲ. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದಿತ್ತು, ಕೊನೆಯ ಗಳಿಗೆಯಲ್ಲಿ ಅದು ಬಿಗಿದುಕೊಂಡಿತು. ಮಕ್ಕಳ ಡಾಕ್ಟರು ಇಪ್ಪತ್ತೈದು ನಿಮಿಷ ಒದ್ದಾಡಿದರು, ಆಗಲಿಲ್ಲ. ವಿಷಯ ಹೇಳಲು ನಾನು ಹೊರಗೆ ಬಂದೆ. ಗೋಡೆಗೆ ಒರಗಿ ನಿಂತಿದ್ದ ನಿಮ್ಮನೆಯವರು ಓಡಿ ಬಂದು "ಅಕ್ಕಾ, ಏನಾಯ್ತು?" ಅಂದರು. ನನ್ನ ಬಾಯಿಂದ "ನಾರ್ಮಲ್ ಆಯ್ತು" ಎಂದು ಬಂತು.

ಸುಳ್ಳು ಹೇಳಬೇಕೆಂದಿರಲಿಲ್ಲ ಕಣೆ. ಬಾಗಿಲು ತೆರೆದ ಕೂಡಲೇ ಎಲ್ಲರೂ ಕೇಳುವುದು ಅದೊಂದನ್ನೇ, ನಾರ್ಮಲ್ಲೋ ಆಪರೇಷನ್ನೋ ಅಂತ. ಇಷ್ಟು ವರ್ಷದಿಂದ ಆ ಬಾಗಿಲಲ್ಲಿ ನನ್ನ ಮೊದಲ ಮಾತು ಅದೇ. ಎರಡನೇ ಮಾತು ಇನ್ನೂ ಗಂಟಲಲ್ಲಿತ್ತು. ಅಷ್ಟರಲ್ಲಿ ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟರು. ಫೋನ್ ತೆಗೆದು ಅವರಣ್ಣನಿಗೆ "ನಾರ್ಮಲ್ ಅಂತೆ! ಇಬ್ರೂ ಚೆನ್ನಾಗಿದಾರಂತೆ!" ಎಂದು ಕೂಗಿದರು. ಇಬ್ಬರೂ ಎಂದು ನಾನು ಹೇಳಿರಲಿಲ್ಲ. ಹೇಳಿಲ್ಲ ಎನ್ನಲೂ ಇಲ್ಲ. ತಿರುಗಿ ಒಳಗೆ ಹೋಗಿ, ಮಿಕ್ಕ ಮಾತು ಹೇಳಲು ದೊಡ್ಡ ಸಿಸ್ಟರನ್ನು ಕಳಿಸಿದೆ.

ಈಗ ನಮ್ಮ ವಾರ್ಡಿನ ಬಾಗಿಲಲ್ಲಿ ಆ ಪದ ಯಾರೂ ಆಡಕೂಡದು. ಮೊದಲು ತಾಯಿ ಹೇಗಿದ್ದಾಳೆ, ಆಮೇಲೆ ಮಗು ಹೇಗಿದೆ, ಹೆರಿಗೆ ಹೇಗಾಯಿತು ಎನ್ನುವುದು ಕೊನೆಗೆ. ಜೂನಿಯರ್‌ಗಳು ಇದು ನನ್ನ ಹುಚ್ಚು ಎಂದುಕೊಂಡಿದ್ದಾರೆ. ಇರಲಿ.

ನಿಮ್ಮನೆಯವರಿಗೆ ಹಾಗೆ ಮಾಡಬಾರದಿತ್ತು. ಕ್ಷಮಿಸಿ ಎಂದು ಅವರಿಗೆ ಹೇಳು. ನೀನೂ ಕ್ಷಮಿಸು.

ನಿನ್ನ ಅಕ್ಕ


ಏಪ್ರಿಲ್ 6

ಚೂಟಿ,

ಒಂದು ತಿಂಗಳ ಮೇಲಾಯಿತು. ಅಂಚೆಯವನು ನನ್ನನ್ನು ಕಂಡರೆ ಈಗ ದಾರಿ ಬದಲಿಸುತ್ತಾನೆ. ದಿನಾ ಕೇಳಿದರೆ ಪಾಪ, ಅವನಾದರೂ ಎಲ್ಲಿಂದ ತರಬೇಕು?

ಟೈ ಸಾಹೇಬರು ಮತ್ತೆ ಎರಡನೇ ತಲೆಬರಹ ಕೇಳಿದರು. ನನ್ನ ರೀತಿ ಏನು ಎಂದು ನಾನೇ ನನ್ನನ್ನು ಒಂದು ದಿನ ಪೂರ್ತಿ ಗಮನಿಸಿದೆ. ಹೊಟ್ಟೆ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ರಿಪೋರ್ಟು ನೋಡುವ ಮುಂಚೆ ಮುಖ ನೋಡುತ್ತೇನೆ. ಇವತ್ತು ಒಬ್ಬಳ ಜೊತೆ ಅತ್ತೆಯೂ ಬಂದಿದ್ದರು. ಏನು ಕೇಳಿದರೂ ಉತ್ತರ ಅತ್ತೆಯದೇ. ನಿದ್ದೆ ಬರುತ್ತಾ ಎಂದರೆ "ಬರತ್ತೆ", ವಾಂತಿ ಇದೆಯಾ ಎಂದರೆ "ನಿಂತಿದೆ", ಮಗು ಒದೆಯುತ್ತಾ ಎಂದರೆ ಅದಕ್ಕೂ "ಚೆನ್ನಾಗಿ ಒದಿಯತ್ತೆ". ನನಗೆ ತಡೆಯಲಿಲ್ಲ. "ಅಮ್ಮಾ, ಮಗು ಇರೋದು ಯಾರ ಹೊಟ್ಟೇಲಿ? ನಿಮ್ದರಲ್ಲಾದ್ರೆ ನೀವೇ ಹತ್ತಿ ಮಲಗಿ" ಅಂದೆ. ಹುಡುಗಿ ಮೊದಲ ಸಲ ನಕ್ಕಳು. ಆಮೇಲೆ ಅವಳೇ ಮಾತಾಡಿದಳು, ಎರಡು ದಿನದಿಂದ ತಲೆನೋವು, ಕಣ್ಣು ಮಂಜು ಅಂತ. ರಕ್ತದೊತ್ತಡ ನೋಡಿದರೆ ಏರಿ ಕೂತಿತ್ತು. ಕೂಡಲೇ ಸೇರಿಸಿಕೊಂಡೆ. ಅತ್ತೆಯ ಮಾತು ನಂಬಿ ಕಳಿಸಿದ್ದರೆ ಏನು ಗತಿ?

ಇನ್ನೊಂದು ರೀತಿ ಇದೆ. ಬಂದವಳನ್ನು ಕೂರಿಸಿ ಮೊದಲು ಕೇಳುವುದು "ಊಟ ಮಾಡಿದ್ಯಾ?" ಎಂದು. ದಿನಕ್ಕೆ ನಲವತ್ತು ಜನರನ್ನು ಕೇಳುತ್ತೇನೆ. ಕೆಲಸ ಮುಗಿಸಿ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿಗೆ ಬರುತ್ತೇನೆ. ಎರಡು ಕೋಣೆ, ನಾಲ್ಕು ಕುರ್ಚಿ. ಮೂರರ ಮೇಲೆ ಹಳೇ ಪತ್ರಿಕೆಗಳು ಕೂತಿವೆ. ಫೋನ್ ಬಂದರೆ ವಾರ್ಡಿನಿಂದಲೇ. ಊಟ ಆಯಿತಾ ಎಂದು ನನ್ನನ್ನು ಕೇಳುವವರು ಯಾರೂ ಇಲ್ಲ. ಅಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆಯುತ್ತಾ ನಾನು ನಿನ್ನನ್ನು ಕೇಳುತ್ತಿದ್ದೆ, ದೊಡ್ಡವಳಾದ ಮೇಲೆ ನೀನು ನನ್ನನ್ನು ಕೇಳುತ್ತಿದ್ದೆ. ಇದನ್ನು ನಿನ್ನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಒಂಟಿ ಅನ್ನಿಸುತ್ತದೆ, ಅದಕ್ಕೆ ಬರೆದೆ.

ಬೈಯುವುದಾದರೂ ಬರೆ.

ನಿನ್ನ ಅಕ್ಕ


ಏಪ್ರಿಲ್ 20

ಅಕ್ಕ,

ನೀನು ಬೇರೆ ಯಾವುದೋ ಬಾಗಿಲ ಮುಂದೆ ನಿಂತು ಕ್ಷಮೆ ಕೇಳುತ್ತಿದ್ದೀಯ.

"ನಾರ್ಮಲ್" ವಿಷಯ ಇವರು ನನಗೆ ಹೇಳಿದ್ದು ತಿಂಗಳಾದ ಮೇಲೆ. ಇವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಕಾಗದ ಕೊಟ್ಟೆ. ಓದಿ ಮಡಿಚಿಟ್ಟರು. ಆಮೇಲೆ "ಆ ಸಿಸ್ಟರ್ ಬರೋವರೆಗೂ ಒಂದು ಏಳು ನಿಮಿಷ ನಾನು ಅಪ್ಪ ಆಗಿದ್ದೆ ಕಣೆ. ಅದೂ ಇಲ್ದಿದ್ರೆ ನಂಗೇನಿತ್ತು?" ಅಂದರು.

ನನಗೆ ಆ ಏಳು ನಿಮಿಷವೂ ಇಲ್ಲ.

ನಾನು ನಿನ್ನನ್ನು ಕೇಳಿದೆ. ನೆನಪಿದೆಯಾ, ಇಲ್ಲ ಅದನ್ನೂ ಮರೆತಿದ್ದೀಯಾ? "ಅಕ್ಕಾ, ಒಂದ್ಸಲ ತೋರ್ಸು" ಅಂದೆ. ಗಟ್ಟಿಯಾಗೇ ಅಂದೆ. ನೀನು ನನ್ನ ಹಣೆ ಮೇಲೆ ಕೈಯಿಟ್ಟು "ಬೇಡ ಮರೀ, ಮಲಕ್ಕೋ" ಅಂದೆ. ತೋಳಿಗೆ ಸೂಜಿ ಚುಚ್ಚಿದರು. ಎಚ್ಚರವಾದಾಗ ಸಂಜೆ ನಾಲ್ಕು ಗಂಟೆ, ಇವರು ಎಲ್ಲ ಮುಗಿಸಿ ಬಂದು ಮಂಚದ ಪಕ್ಕ ಕೂತಿದ್ದರು. ಚಪ್ಪಲಿಗೆ ಮಣ್ಣು ಹತ್ತಿತ್ತು. ಇವರೂ ಮುಖ ನೋಡಲಿಲ್ಲವಂತೆ. ಸುತ್ತಿ ಕೊಟ್ಟ ಬಟ್ಟೆ ಸರಿಸುವ ಧೈರ್ಯ ಆಗಲಿಲ್ಲವಂತೆ. ಡಾಕ್ಟರಕ್ಕನೇ ಬೇಡ ಎಂದ ಮೇಲೆ ಸರಿಸುವುದು ಹೇಗೆ?

ನಮ್ಮವರು ಅಂತ ಇರುವವರಲ್ಲಿ ನನ್ನ ಮಗನನ್ನು ನೋಡಿದ್ದು ನೀನೊಬ್ಬಳೇ.

ನಾನು ದಿನಾ ಅವನಿಗೆ ಒಂದೊಂದು ಮುಖ ಹಾಕುತ್ತೇನೆ. ಕ್ಲಾಸಿನಲ್ಲಿ ಒಬ್ಬನ ಕಿವಿ, ಇನ್ನೊಬ್ಬನ ಕಣ್ಣು ತೆಗೆದುಕೊಂಡು ಹಾಕುತ್ತೇನೆ. ಯಾವುದೂ ನಿಲ್ಲುವುದಿಲ್ಲ. ಸಾಯಂಕಾಲಕ್ಕೆ ಮತ್ತೆ ಬರೀ ಬಟ್ಟೆ. ಅಷ್ಟೂ ಹೊತ್ತು ನೀನು ಅಲ್ಲಿ ಅವನ ಮುಖವನ್ನು ತಲೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೀಯ ಎಂದು ನೆನೆದರೆ ಮೈಯೆಲ್ಲ ಉರಿಯುತ್ತದೆ. ನಿನ್ನ ದನಿ ಕೇಳಲಾರೆ ಎಂದದ್ದು ಅದಕ್ಕೆ.

ಅವನು ಹೇಗಿದ್ದ? ಅದನ್ನು ಬರೆ. ಬರೆಯುವ ತನಕ ಬೇರೇನೂ ಬರೆಯಬೇಡ.

ತಂಗಿ


ಏಪ್ರಿಲ್ 25

ಚೂಟಿ,

ಕೇಳಿದ್ದಕ್ಕೆ ಉತ್ತರ. ಗಂಡು ಮಗು. ತೂಕ ಎರಡು ಕಿಲೋ ಎಂಟುನೂರ ಐವತ್ತು ಗ್ರಾಂ. ಉದ್ದ ನಲವತ್ತೊಂಬತ್ತು ಸೆಂಟಿಮೀಟರ್. ತಲೆಯ ಸುತ್ತಳತೆ ಮೂವತ್ತನಾಲ್ಕು. ದಿನ ತುಂಬಿದ್ದ ಮಗು, ಹೊರನೋಟಕ್ಕೆ ಯಾವ ಊನವೂ ಇರಲಿಲ್ಲ. ಬಳ್ಳಿಯ ಗಂಟೊಂದೇ ಕಾರಣ. ನೀನು ತಿಂದದ್ದು, ನಡೆದದ್ದು, ಕೆಲಸಕ್ಕೆ ಹೋದದ್ದು ಯಾವುದೂ ಕಾರಣವಲ್ಲ.

ತೋರಿಸದೇ ಇದ್ದದ್ದಕ್ಕೆ ನನ್ನ ಕಡೆಯ ಮಾತನ್ನೂ ಕೇಳು. ನಮಗೆ ಕೆಲಸ ಕಲಿಸಿದ ದೊಡ್ಡ ಮೇಡಂ ಹೇಳುತ್ತಿದ್ದರು, "ತಾಯಿಗೆ ತೋರಿಸ್ಬೇಡಿ. ನೋಡ್ದೇ ಇದ್ರೆ ಬೇಗ ಮರೀತಾಳೆ" ಎಂದು. ಸೂಜಿ ಕೊಡಿಸು, ಬಟ್ಟೆ ಸುತ್ತು, ಅವಳು ಏಳುವುದರೊಳಗೆ ಮನೆಯವರ ಕೈಗೆ ಕೊಡು. ಆಗ ಎಲ್ಲ ಕಡೆ ಹಾಗೇ ಮಾಡುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ಕರುಣೆ ಎಂದುಕೊಂಡೇ ಮಾಡಿದ್ದು. ನಿನಗೂ ನಿನ್ನ ಒಳ್ಳೆಯದಕ್ಕೇ ಮಾಡಿದೆ. ನೀನು ಕೇಳಿದ್ದು ನೆನಪಿದೆ.

ಅಕ್ಕ


ಮೇ 2

ಅಕ್ಕ,

ಇದು ಕೇಸ್ ಶೀಟು. ಮನೆಗೆ ಕಳಿಸುವ ದಿನವೇ ಕೊಟ್ಟಿದ್ದರು, ಬೀರುವಿನಲ್ಲಿದೆ. ಎರಡೆರಡು ಬೇಡ, ಹಿಂದಕ್ಕೆ ಕಳಿಸಿದ್ದೇನೆ.

ನಾನು ಮರೆತೆನಾ? ನಿಮ್ಮ ದೊಡ್ಡ ಮೇಡಂ ಸಿಕ್ಕರೆ ಕೇಳು.

ತಂಗಿ


ಜೂನ್ 14

ಚೂಟಿ,

ಆರು ವಾರ ಬರೆಯಲಿಲ್ಲ. ಬರೆಯಲು ಕೂತರೆ ಮತ್ತೆ ಸೆಂಟಿಮೀಟರಿಗೇ ಬಂದು ನಿಲ್ಲುತ್ತಿದ್ದೆ. ಹರಿದು ಹಾಕಿದ ಹಾಳೆಗಳಿಂದ ಕಸದ ಬುಟ್ಟಿ ತುಂಬಿತ್ತು.

ಕಳೆದ ಬುಧವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಮೊದಲನೇ ಬಸಿರು, ಎಂಟು ತಿಂಗಳು ಕಳೆದಿತ್ತು. ಎರಡು ದಿನದಿಂದ ಮಗು ಅಲ್ಲಾಡಿಲ್ಲ ಎಂದಳು. ಸ್ಕ್ಯಾನಿನಲ್ಲಿ ಎದೆಬಡಿತ ಇರಲಿಲ್ಲ. ಮಾರನೇ ದಿನ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು. ಅವಳ ಅಮ್ಮ ಬಾಗಿಲ ಹತ್ತಿರ ನಿಂತು "ತೋರಿಸ್ಬೇಡಿ ಡಾಕ್ಟ್ರೇ, ತಡ್ಕೊಳಲ್ಲ ಅವ್ಳು" ಅಂದರು. ದೊಡ್ಡ ಸಿಸ್ಟರ್ ಅಭ್ಯಾಸಬಲದಿಂದ ಬಟ್ಟೆ ಮಡಿಚಲು ಶುರು ಮಾಡಿದ್ದರು. ಸೂಜಿಯೂ ಸಿದ್ಧವಾಗಿತ್ತು. ಎಲ್ಲ ನಾನೇ ಕಲಿಸಿದ್ದು.

"ಸಿಸ್ಟರ್, ಸ್ವಲ್ಪ ನಿಲ್ಲಿ" ಅಂದೆ. ಅವಳನ್ನು "ನೋಡ್ತೀಯಾಮ್ಮಾ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಏನು ಕೇಳಿದಳು ಗೊತ್ತಾ? "ನೋಡ್ಬೋದಾ?"

ಅವಳದೇ ಮಗು ಕಣೆ. ಅವಳು ನನ್ನ ಅನುಮತಿ ಕೇಳುತ್ತಿದ್ದಳು.

ಕೈಗೆ ಕೊಟ್ಟೆ. ಕಿರುಚುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾವೆಲ್ಲ ಮೈ ಬಿಗಿಹಿಡಿದು ನಿಂತಿದ್ದೆವು. ಅವಳು ಬಟ್ಟೆ ಬಿಚ್ಚಿ ಒಂದೊಂದೇ ಬೆರಳು ಮುಟ್ಟಿದಳು. ಭುಜದ ಮೇಲೆ ತನ್ನ ಎರಡು ಬೆರಳಿಟ್ಟು ಅಳೆದು, "ಭುಜ ಅಗ್ಲ, ಅವ್ರಪ್ಪಂದೇ" ಅಂದಳು. ಆಮೇಲೆ ಅತ್ತಳು. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ನಾನು ಪಾತ್ರೆ ತೊಳೆಯುವ ಕೋಣೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನ ನನ್ನನ್ನು ಹೀಗೆ ಕೇಳಿರಬಹುದು, ಎಷ್ಟು ಜನ ಕೇಳಲಾರದೇ ಸುಮ್ಮನಾಗಿರಬಹುದು, ನನಗೆ ತಿಳಿಯದು. ಕರುಣೆಯಲ್ಲ ಅದು. ಅವರ ಅಳು ನನಗೆ ನೋಡಲಾಗುತ್ತಿರಲಿಲ್ಲ, ಅಷ್ಟೇ.

ಈಗ ನಿನಗೆ ಹೇಳದೇ ಉಳಿಸಿಕೊಂಡದ್ದನ್ನು ಬರೆಯುತ್ತೇನೆ. ನಿನಗೆ ನಿದ್ದೆ ಹತ್ತಿದ ಮೇಲೆ ನಾನು ಪಕ್ಕದ ಕೋಣೆಗೆ ಹೋದೆ. ಮಕ್ಕಳ ಡಾಕ್ಟರು ಹೊರಟುಹೋಗಿದ್ದರು. ಬಾಗಿಲು ಹಾಕಿಕೊಂಡೆ. ಅವನನ್ನು ಎತ್ತಿಕೊಂಡೆ. ಇನ್ನೂ ಬೆಚ್ಚಗಿದ್ದ.

ತಲೆ ತುಂಬ ಕೂದಲು. ಕಪ್ಪು, ಒದ್ದೆ. ಸುಳಿ ಸ್ವಲ್ಪ ಎಡಕ್ಕೆ ಇತ್ತು, ಅಲ್ಲಿ ಕೂದಲು ಮೇಲಕ್ಕೆ ನಿಂತಿತ್ತು. ಅಂಗೈಯಿಂದ ನೇವರಿಸಿದರೆ ಮತ್ತೆ ಎದ್ದು ನಿಲ್ಲುತ್ತಿತ್ತು. ಹುಬ್ಬು ಇನ್ನೂ ಸರಿಯಾಗಿ ಬಂದಿರಲಿಲ್ಲ, ಬೆಳಕಿಗೆ ಹಿಡಿದರೆ ಕಾಣುವಷ್ಟು. ಕಣ್ಣು ಮುಚ್ಚಿದ್ದ. ರೆಪ್ಪೆಕೂದಲು ಉದ್ದ, ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಗಿವಿಯ ಅಂಚು ಮಡಿಚಿಕೊಂಡಿತ್ತು, ನಿನ್ನ ಹೊಟ್ಟೆಯಲ್ಲಿ ಆ ಮಗ್ಗುಲಿಗೇ ಮಲಗಿರುತ್ತಿದ್ದ ಎಂದು ಕಾಣುತ್ತದೆ. ತುಟಿ ನೀಲಿಗಟ್ಟಿತ್ತು. ಇದನ್ನು ಬರೆಯದೇ ಬಿಡಬಹುದಿತ್ತು, ಆದರೆ ಇನ್ನು ನಿನ್ನಿಂದ ಏನನ್ನೂ ಮುಚ್ಚಿಡಲಾರೆ. ಗಲ್ಲ ನಿನ್ನದು. ಸಿಟ್ಟು ಬಂದಾಗ ಮುಂದಕ್ಕೆ ಚಾಚುತ್ತೀಯಲ್ಲ, ಅದೇ ಗಲ್ಲ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಣ್ಣ ಕೆಂಪು ಗುರುತಿತ್ತು. ಒಳಗಿದ್ದಾಗ ಕೈ ಚೀಪುವ ಮಕ್ಕಳಿಗೆ ಹಾಗೆ ಆಗುತ್ತದೆ. ಚೀಪುತ್ತಿದ್ದ, ಹಾಯಾಗಿದ್ದ. ಉಗುರು ಬೆಳೆದಿದ್ದವು. ಪಾದ ಪೂರ್ತಿ ಸುಕ್ಕು. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ನಿನಗೂ ಅಮ್ಮನಿಗೂ ಇದ್ದ ಹಾಗೆ.

ತೋಳಿನ ಮೇಲೆ ಅವನು ಕಾಗದದಲ್ಲಿ ಬರೆದ ತೂಕಕ್ಕಿಂತ ಭಾರ ಇದ್ದ. ಹನ್ನೊಂದು ನಿಮಿಷ ಇಟ್ಟುಕೊಂಡಿದ್ದೆ. ಎದುರಿಗೇ ಗಡಿಯಾರ ಇತ್ತು, ಅದಕ್ಕೆ ಗೊತ್ತು. "ನಾನು ಕಣೋ, ದೊಡ್ಡಮ್ಮ" ಅಂದೆ. ಆ ಪದವನ್ನು ನಾನು ಬಾಯಿಬಿಟ್ಟು ಹೇಳಿಕೊಂಡದ್ದು ಅದೊಂದೇ ಸಲ. ಆಮೇಲೆ ನಾನೇ ಬಟ್ಟೆ ಸುತ್ತಿದೆ.

ನಿನಗೆ ಸೇರಬೇಕಾದದ್ದನ್ನು ಮೂರು ವರ್ಷ ನಾನೊಬ್ಬಳೇ ಇಟ್ಟುಕೊಂಡೆ. ದಿನವೂ ಅವನನ್ನು ನೋಡುತ್ತಿದ್ದೆ, ಯಾರಿಗೂ ಹೇಳುವಂತಿರಲಿಲ್ಲ. ತಪ್ಪು ಮಾಡಿದೆ.

ನಿನ್ನ ಅಕ್ಕ


ಜೂನ್ 23

ಅಕ್ಕ,

ಕಾಗದ ಬಂತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಇವರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದ ಮೇಲೆ ಗಟ್ಟಿಯಾಗಿ ಓದಿ ಹೇಳಿದೆ. ಕಾಲಿನ ಬೆರಳಿನ ಮಾತು ಬಂದಾಗ ಇವರು ಬಗ್ಗಿ ನನ್ನ ಕಾಲು ನೋಡಿದರು. ಆಮೇಲೆ ಓದಲಾಗಲಿಲ್ಲ, ಮಿಕ್ಕದ್ದನ್ನು ಇವರು ಓದಿದರು. ಇಷ್ಟು ದಿನ ಇವರು ಹಜಾರದಲ್ಲಿ, ನಾನು ಬಚ್ಚಲಲ್ಲಿ ಅಳುತ್ತಿದ್ದೆವು. ಅವತ್ತು ಒಂದೇ ಕಡೆ ಕೂತು ಅತ್ತೆವು.

ಸಿಟ್ಟು ಹೋಯಿತು ಎಂದುಕೊಳ್ಳಬೇಡ. ಇದೆ. ನಿನ್ನ ಹನ್ನೊಂದು ನಿಮಿಷದ ಮೇಲೆ ಹೊಟ್ಟೆಕಿಚ್ಚೂ ಇದೆ. ಆದರೆ ಮೊನ್ನೆಯಿಂದ ನಾನು ಬೇರೆ ಮಕ್ಕಳ ಕಿವಿ ನೋಡುವುದನ್ನು ಬಿಟ್ಟಿದ್ದೇನೆ.

ಮೂಗಿನ ವಿಷಯ ನೀನು ಬರೆದೇ ಇಲ್ಲ. ಎರಡು ಸಲ ಹುಡುಕಿದೆ.

ಕಾಗದದಲ್ಲಿ ಬರೆಯಬೇಡ. ಬಂದು ಹೇಳು.

ನಿನ್ನ ತಂಗಿ